ಜೋಡಿಯಿಲ್ಲದ ಪೆಂಗ್ವಿನ್

ಗುತ್ತಲಿನ ನಮ್ಮ ಬೀದಿಯಲ್ಲಿ ದಸರಾ ಬಂತೆಂದರೆ ಎಲ್ಲರೂ ಪಂಕಜಮ್ಮನವರ ಮನೆಗೆ ಗೊಂಬೆ ನೋಡಲು ಹೋಗುತ್ತೇವೆ. ಎಷ್ಟೇ ಮಂಡಿನೋವಿದ್ದರೂ ಅವರು ಮೆಟ್ಟಿಲು ಕಟ್ಟುವುದನ್ನು ಬಿಟ್ಟವರಲ್ಲ. ಶಾಸ್ತ್ರದಲ್ಲಿ ಬಲು ಬಿಗಿ. ಮೇಲಿನ ಪಟ್ಟದ ಗೊಂಬೆಯಿಂದ ಹಿಡಿದು ಕೆಳಗಿನ ಶೆಟ್ಟಿ ದಂಪತಿಯವರೆಗೆ ಜೋಡಿಯಿಲ್ಲದೆ ಯಾರೂ ಕೂರುವಂತಿಲ್ಲ. ಮಹಡಿಯ ಬಾಡಿಗೆಯವಳಾದ ನಾನು ಪ್ರತಿ ವರ್ಷವೂ ಗೊಂಬೆ ಒರೆಸಿ ಜೋಡಿಸಲು ಇಳಿದು ಬರುತ್ತೇನೆ.

ಅದೇ ಮನೆಯಲ್ಲಿ ವರ್ಷದಿಂದ ಒಂದು ಸುಳ್ಳು ನಡೆಯುತ್ತಿತ್ತು. ಮಗ ವಂಶಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಸೊಸೆ ದೀಪಶ್ರೀಗೆ ಮಳವಳ್ಳಿಯ ಬ್ಯಾಂಕಿನಲ್ಲಿ ಕೆಲಸ. ಮಗು ಹುಟ್ಟಿ ಅವಳ ರಜೆ ಮುಗಿದಾಗ ಗಂಡಹೆಂಡಿರು ಕೂತು ಮಾತಾಡಿ, ಅವನು ಕೆಲಸ ಬಿಟ್ಟ. ಯಾರಾದರೂ ಕೇಳಿದರೆ ಪಂಕಜಮ್ಮ “ವಂಶಿ ರಜೆಯಲ್ಲಿದ್ದಾನೆ” ಎನ್ನುತ್ತಿದ್ದರು. ಹೆಂಗಸರು ಬಂದರೆ ಸಾಕು, ಮಗುವಿನ ಸಮೇತ ಅವನನ್ನು ಒಳಕೋಣೆಗೆ ಕಳಿಸುತ್ತಿದ್ದರು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದೇನು ಕದ್ದು ತಂದ ಮಗುವೇ?

ಈ ಸಲ ವಂಶಿ, ಮಗು ಮಲಗಿದಾಗಲೆಲ್ಲ ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ, ಪೆಂಗ್ವಿನ್ ಗೊಂಬೆಗಳನ್ನು ಮಾಡಿದ. ಪೆಂಗ್ವಿನ್ ಎಂದರೆ ಒಂದೇ ಜಾತಿ ಎಂದುಕೊಂಡಿದ್ದೆ ನಾನು. ಅಡೇಲಿ ಎಂಬ ಜಾತಿಗೆ ಕಣ್ಣಿನ ಸುತ್ತ ಬಿಳಿ ಉಂಗುರ. ಅದು ಕಲ್ಲು ಹೆಕ್ಕಿ ಗೂಡು ಕಟ್ಟುತ್ತದಂತೆ, ಪಕ್ಕದ ಗೂಡಿನ ಕಲ್ಲನ್ನೂ ಕದಿಯುತ್ತದಂತೆ. ರಾಕ್‌ಹಾಪರ್‌ಗೆ ಕೆಂಪು ಕಣ್ಣು, ಹುಬ್ಬಿನ ಮೇಲೆ ಹಳದಿ ಗರಿ, ಪಕ್ಕಾ ಜಗಳಗಂಟಿ ಮುಖ. ನಮ್ಮ ಬಿಂದಿಗೆಯಷ್ಟೇ ಎತ್ತರದ ಲಿಟ್ಲ್ ಪೆಂಗ್ವಿನ್ ಹಿಮವನ್ನೇ ಕಾಣದೆ ಕಡಲ ದಡದ ಬಿಲದಲ್ಲಿ ಬಾಳುತ್ತದಂತೆ. ಇವುಗಳಲ್ಲಿ ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ ಎಂದು ವಂಶಿ ಎಲ್ಲವನ್ನೂ ಜೋಡಿಯಾಗಿ ಮಾಡಿದ್ದ. ಎಲ್ಲಕ್ಕಿಂತ ದೊಡ್ಡದಾದ ಎಂಪರರ್ ಮಾತ್ರ ಒಂಟಿ. ಅದರ ಪಾದದ ಮೇಲೆ ಒಂದು ಮೊಟ್ಟೆ.

“ಇದರ ಜೋಡಿ ಎಲ್ಲೋ?” ಎಂದರು ಪಂಕಜಮ್ಮ.

“ಮೊಟ್ಟೆ ಇಟ್ಟು ಸಮುದ್ರಕ್ಕೆ ಹೋಗಿದೆ ಅಮ್ಮ, ಆಹಾರಕ್ಕೆ. ಇವುಗಳಲ್ಲಿ ಎರಡು ತಿಂಗಳು ಅಪ್ಪನೇ ಉಪವಾಸ ನಿಂತು ಕಾವು ಕೊಡ್ತಾನೆ.”

“ಒಂಟಿ ಗೊಂಬೆ ಕೂರಿಸಕ್ಕಾಗಲ್ಲ ಕಣೋ.”

ಪಂಕಜಮ್ಮ ಅದನ್ನು ಆನೆ ಅಂಬಾರಿಯ ಹಿಂದಕ್ಕೆ ತಳ್ಳಿದರು.

ಸಂಜೆ ಮೂಲೆಮನೆಯ ಶಿವನಂಜಮ್ಮ ಬಂದರು. ನಿಡಘಟ್ಟದ ಕಡೆಯವರು, ಮಾತು ನೇರ, ಕಣ್ಣು ಚುರುಕು. ವಂಶಿ ಆಗಲೇ ಒಳಕೋಣೆ ಸೇರಿದ್ದ. ಶಿವನಂಜಮ್ಮ ಅಂಬಾರಿಯ ಹಿಂದೆ ಇಣುಕಿದರು.

“ಇದ್ಯಾಕ್ ಪಂಕಜಮ್ಮಾರೆ, ಇಷ್ಟ್ ಚೆಂದಾಗಿರೋ ಅಕ್ಕಿನ ಇಂದ್ಕೆ ಮಡಗಿದ್ದೀರಿ? ಕಾಲ್ ಮ್ಯಾಲೆ ಮೊಟ್ಟೆ ಬೇರೆ! ಇದ್ರ ಜೊತೇದೆಲ್ಲಿ?”

ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಹಿಂದೆಯೇ ವಂಶಿ ಲಾಲಿ ಹಾಡುವುದು ಕೇಳಿಸಿತು.

“ಮಗಾನ ಆಡುಸ್ತಿರೋದು ನಿಮ್ ವಂಶಿನಾ? ಇನ್ನೂವೆ ರಜಾ ಮುಗ್ದಿಲ್ವಾ?”

ಪಂಕಜಮ್ಮ ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪಿನ ತಿಂಡಿತಟ್ಟೆಯನ್ನು ಕೆಳಗಿಟ್ಟು ಆ ಗೊಂಬೆಯನ್ನೇ ನೋಡುತ್ತ ನಿಂತರು.

“ರಜ ಅಲ್ಲ ಶಿವನಂಜಮ್ಮ,” ಎಂದರು. “ಕೆಲಸ ಬಿಟ್ಟಿದಾನೆ. ದೀಪಶ್ರೀ ದುಡೀತಾಳೆ, ಇವನು ಮಗೂನ ನೋಡ್ಕೋತಾನೆ. ಹೇಳ್ಕೊಳ್ಳಕ್ಕೆ ನನಗೇ ನಾಚಿಕೆಯಾಗಿತ್ತು.”

“ಅಯ್ಯೋ, ನಾಚ್ಕೆ ಯಾಕೆ ಬುಡಿ! ನಮ್ಮನೇವ್ರು ಒಂದ್ ದಿನಾನಾರ ಮಗಾನ ಎತ್ಕಂಡಿದ್ರೆ ಅವ್ರಿಗೇ ಪೂಜೆ ಮಾಡ್ತಿದ್ದೆ ಕಣಮ್ಮ.”

ಶಿವನಂಜಮ್ಮನೂ ನಾನೂ ನಕ್ಕೆವು. ಪಂಕಜಮ್ಮನವರೂ ನಕ್ಕರು, ಆದರೆ ಕಣ್ಣು ತುಂಬಿತ್ತು. ನಾನು ಬೇಡವೆಂದರೂ ಕೇಳದೆ ಆ ಮಂಡಿಯಲ್ಲೇ ಸ್ಟೂಲು ಹತ್ತಿ, ಒಂಟಿ ಪೆಂಗ್ವಿನ್ನನ್ನು ಪಟ್ಟದ ಗೊಂಬೆಯ ಪಕ್ಕದಲ್ಲಿ ಕೂರಿಸಿದರು. ಇಳಿದು ಒಳಕೋಣೆಯ ಬಾಗಿಲು ತೆರೆದರು.

“ಬಾರೋ ವಂಶಿ, ಮಗೂನ ಎತ್ಕೊಂಡು ಬಾ. ಇಲ್ಲಿ ಹಸೆ ಮೇಲೆ ಕೂತ್ಕೋ, ಆರತಿ ಮಾಡ್ಬೇಕು.”

ಅವನು ಹೊಸ್ತಿಲಲ್ಲೇ ನಿಂತ. “ಮಗುಗಾ ಅಮ್ಮ?”

“ಇಬ್ಬರಿಗೂ,” ಎಂದರು ಪಂಕಜಮ್ಮ.