ಪರಸ್ಥಾನದ ಗಂಟು

ಮಧುಗಿರಿಯ ಬಸ್ ಏಜೆಂಟ್ ನಂದೀಶ್ವರಯ್ಯ ತುಮಕೂರು ದಾಟಿದವನಲ್ಲ. ಆದರೆ ಕೊರಟಗೆರೆಯವರಾಗಲಿ ಪಾವಗಡದವರಾಗಲಿ, ಕಾಶಿಗೆ ಹೊರಟರೆ ಮೊದಲು ಅವನ ಜಗಲಿಗೇ ಬರಬೇಕು. ರೈಲ್ವೆ ಗೈಡು ಅವನಿಗೆ ಬಾಯಿಪಾಠ. ಎಲ್ಲಿ ಗಾಡಿ ಬದಲಾಯಿಸಬೇಕು, ಎಲ್ಲಿ ಒಳ್ಳೇ ಕಾಫಿ ಸಿಗುತ್ತದೆ, ಎಲ್ಲ ಕೂತಲ್ಲೇ ಹೇಳುತ್ತಿದ್ದ.

ನಲವತ್ತಾರನೇ ಇಸವಿಯಲ್ಲಿ ಅವನ ಜೊತೆ ಓದಿದ ಚಂದ್ರಶೇಖರಯ್ಯ ಬಂದು ಕೂತ. ಶಾಲೆಯಲ್ಲಿ ಶಿರಾ ತೋರಿಸೆಂದರೆ ಭೂಪಟದ ಸಮುದ್ರದಲ್ಲಿ ಬೆರಳಿಟ್ಟ ಪುಣ್ಯಾತ್ಮ! ಅಂಥವನನ್ನು ಸರ್ಕಾರ ಉಣ್ಣೆ ನೇಯ್ಗೆ ಕಲಿಯಲು ಇಂಗ್ಲೆಂಡಿಗೆ ಕಳಿಸುತ್ತಿತ್ತು.

"ಹಡಗೋ, ವಿಮಾನವೋ? ಎಲ್ಲಿ ಹತ್ಬೇಕು? ನಂಗೆ ತಲೆನೇ ಓಡ್ತಿಲ್ಲ ಕಣೋ, ನೀನೇ ಹೇಳ್ಬುಡು."

"ಹಡಗಾದ್ರೆ ಮೂರು ವಾರ. ವಿಮಾನಕ್ಕೆ ಕರಾಚಿನೇ ಸರಿ. ಗೌರಿಬಿದನೂರಲ್ಲಿ ರೈಲು ಹತ್ತು, ಗುಂತಕಲ್ಲಲ್ಲಿ ಬದಲಾಯ್ಸು. ಬೊಂಬಾಯಿಂದ ಸಣ್ಣ ವಿಮಾನ, ಕರಾಚಿಂದ ದೊಡ್ಡದು. ಅದು ತೇಲೋ ವಿಮಾನ, ಇಂಗ್ಲೆಂಡಲ್ಲಿ ನೀರ ಮೇಲೆ ಇಳಿಸ್ತಾರೆ, ಹೆದರ್ಬ್ಯಾಡ. ದಡದಿಂದ ಲಂಡನ್ನಿಗೆ ರೈಲೈತೆ."

ಹೇಳುತ್ತ ಹೇಳುತ್ತ ನಂದೀಶ್ವರಯ್ಯನ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ದಾರಿ ಕಲಿತವನು ತಾನು, ಹೋಗುವವನು ಈ ಪೆದ್ದ!

ವಿಮಾನ ಸಿಗಬೇಕಾದರೆ ಸೋಮವಾರವೇ ಹೊರಡಬೇಕು. ಗೌರಿಬಿದನೂರು ಪೂರ್ವಕ್ಕೆ, ಸೋಮವಾರ ಪೂರ್ವಕ್ಕೆ ಶೂಲ, ಆ ದಿಕ್ಕಿಗೆ ಪಯಣ ಕೂಡದು. ಚಂದ್ರಶೇಖರಯ್ಯನ ತಾಯಿ ದಾಕ್ಷಾಯಣಮ್ಮ ಸುತರಾಂ ಒಪ್ಪಲಿಲ್ಲ. ಕೊನೆಗೆ ಪರಸ್ಥಾನ ಇಡುವುದೆಂದಾಯಿತು. ಹೊರಡುವವನ ಬಟ್ಟೆಯ ಗಂಟನ್ನು ಹಿಂದಿನ ದಿನವೇ ಆ ದಿಕ್ಕಿನ ಮನೆಯೊಂದರಲ್ಲಿ ಇಟ್ಟರೆ, ಅವನು ಆಗಲೇ ಹೊರಟಂತೆ. ಊರಿನ ಪೂರ್ವದ ತುದಿಗೆ ಇದ್ದದ್ದು ನಂದೀಶ್ವರಯ್ಯನ ಮನೆ; ಗಂಟು ಅಲ್ಲಿಗೇ ಬಂತು.

ಭಾನುವಾರ ಮಧ್ಯಾಹ್ನ ಹೆಂಡತಿ ಸರ್ವಮಂಗಳಾ ನೀರಿಗೆ ಹೋದದ್ದೇ ತಡ, ಬಿಚ್ಚಬಾರದ ಗಂಟನ್ನು ಬಿಚ್ಚಿ ಹೊಸ ಕೋಟು ತೊಟ್ಟ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಒಳಜೇಬಿನಲ್ಲಿ ಪಾಸ್‌ಪೋರ್ಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅದನ್ನು ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, ಗಂಟನ್ನು ಮೊದಲಿನ ಹಾಗೆಯೇ ಕಟ್ಟಿದ.

ಬೆಳಿಗ್ಗೆ ಚಂದ್ರಶೇಖರಯ್ಯ ಗಂಟು ಹಿಡಿದು ಬಸ್ಸು ಹತ್ತಿದ. ರೈಲು ಹತ್ತುವತನಕ ಬಿಚ್ಚಕೂಡದೆಂದು ತಾಯಿಯ ಅಪ್ಪಣೆ. ಅವಳು ನಂದೀಶ್ವರಯ್ಯನ ಕಡೆ ತಿರುಗಿದಳು.

"ದಾರಿ ಹೇಳ್ದೋನು ನೀನು ಕಣಪ್ಪ. ನಿನ್ನ ಬಾಯಿಂದ್ಲೇ 'ಹೋಗಿ ಬಾ' ಅನ್ನು."

ಅವನ ಕೈ ಅಂಗಿಯ ಜೇಬಿಗೆ ಹೋಯಿತು. ಬಸ್ಸು ಹೊರಟೇಬಿಟ್ಟಿತು. ನಾಲ್ಕು ಮಾರು ಹೋಗಿರಲಿಲ್ಲ, ಹಿಂದೆ ಓಡಿ ಬಸ್ಸಿನ ಮೈ ಬಡಿದು ನಿಲ್ಲಿಸಿದ. ಕಿಟಕಿಯೊಳಗೆ ಪಾಸ್‌ಪೋರ್ಟು ಚಾಚಿದ.

"ಅಯ್ಯಯ್ಯೋ, ಜೇಬಿಂದ ಬಿದ್ದೋಗಿತ್ತಾ!" ಚಂದ್ರಶೇಖರಯ್ಯ ಅವನ ಎರಡೂ ಕೈ ಹಿಡಿದುಕೊಂಡ. "ನೀನಿಲ್ದಿದ್ರೆ ನಾನು ಕೆಟ್ಟೋಗ್ತಿದ್ದೆ ಕಣೋ ನಂದಿ!"

ದಾಕ್ಷಾಯಣಮ್ಮ ನಡುಬೀದಿಯಲ್ಲೇ ಅವನಿಗೆ ಕೈ ಮುಗಿದಳು. ಕಪಾಳಕ್ಕೆ ಎರಡು ಬಿಗಿದಿದ್ದರೆ ವಾಸಿಯಾಗಿತ್ತು ಎನಿಸಿತು ಅವನಿಗೆ.

ಆಮೇಲೂ ಜನ ದಾರಿ ಕೇಳಲು ಬಂದರು, ಅವನೂ ಹೇಳಿದ. ಆದರೆ ಪರಸ್ಥಾನದ ಗಂಟು ತಂದವರಿಗೆ ಮಾತ್ರ, "ಬ್ಯಾರೆ ಮನೆ ನೋಡ್ಕಳಿ" ಎಂದು ಬಾಗಿಲು ಮುಂದೆ ಮಾಡುತ್ತಿದ್ದ.