ಸುಂಕವಿಲ್ಲದ ಎರಡು ಸಂತೆಗಳು

ಅರವತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರು ತಾಲ್ಲೂಕಿನ ಅಂಚಿನ ಒಂದು ಪಂಚಾಯಿತಿಗೆ ಸೆಕ್ರೆಟರಿಯಾಗಿದ್ದೆ. ಒಂದು ಮೋರಿ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು, ಬೇರೆ ಪಂಚಾಯಿತಿ, ಬೇರೆ ಚೇರ್ಮನ್ನರು. ಸಂತೆ ಮಾತ್ರ ಎರಡು ಕಡೆಯೂ ಮಂಗಳವಾರವೇ. ಅಂಗಡಿಗೆ ನಾಲ್ಕಾಣೆ ಸುಂಕ. ನನ್ನ ಸಂಬಳ ಆ ನಾಲ್ಕಾಣೆಗಳಿಂದಲೇ ಹುಟ್ಟಬೇಕಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಚೇರ್ಮನ್ನರು ಇಡಲಿಲ್ಲ.

ಚುನಾವಣೆ ಹತ್ತಿರವಿತ್ತು. ಆಚೆಯವರು ಸುಂಕವನ್ನು ಎರಡಾಣೆಗೆ ಇಳಿಸಿದರೆಂಬ ಸುದ್ದಿ ಬಂತು.

"ನಮ್ದು ಒಂದಾಣೆ ಅಂತ ಬರ್ಕಳಿ ಸೆಕ್ರೆಟ್ರಿ," ಎಂದರು ನಮ್ಮ ಚೇರ್ಮನ್ನರು.

ಮುಂದಿನ ವಾರ ಆಚೆ ಸುಂಕವೇ ಇಲ್ಲ. ಅದರ ಮುಂದಿನ ವಾರ ನಮ್ಮಲ್ಲೂ ಇಲ್ಲ. ಮೇಲೆ ಎತ್ತುಗಳಿಗೆ ಹುಲ್ಲು ಪುಕ್ಕಟೆ. ಆಚೆಯವರು ವ್ಯಾಪಾರಿಗಳಿಗೆ ಮಜ್ಜಿಗೆ ಇಟ್ಟರು.

"ಸ್ವಾಮಿ, ನನ್ನ ಸಂಬಳ?" ಎಂದೆ.

"ಊರ್ ಮರ್ವಾದೆ ವೋಯ್ತಾ ಅದೆ, ನಿಮ್ಗೆ ಸಂಬ್ಳದ್ ಯೋಚ್ನೆ. ಬುಡಿ ಅತ್ಲಾಗೆ!"

ವ್ಯಾಪಾರಿಗಳು ನಮ್ಮ ಹುಲ್ಲಿಗೆ ಎತ್ತು ಕಟ್ಟಿ, ಮೋರಿ ದಾಟಿ ಮಜ್ಜಿಗೆ ಕುಡಿದು, ತೋಚಿದ ಕಡೆ ಅಂಗಡಿ ಹರಡಿದರು. ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರು ತಿದಿ ಒತ್ತುತ್ತಲೇ ನನ್ನನ್ನು ಸಮಾಧಾನಪಡಿಸಿದರು: "ಇನ್ನೊಂದ್ ವಾರ ತಡ್ಕಳಿ, ಊಟಾನೂ ಹಾಕ್ತಾರೆ."

ಎರಡು ತಿಂಗಳು ಸಂಬಳವಿಲ್ಲದೆ ಕಳೆದ ಮೇಲೆ ನಾನು ಒಂದು ಕುಕ್ಕೆ ಹುರಿದ ಕಡಲೆಕಾಯಿ ಹೊತ್ತು ಹೊರಟೆ. ಜವಾಬ್ದಾರಿಯುತ ನೌಕರನಾಗಿ ಎರಡೂ ಸಂತೆಗಳನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡಿದೆ. ನನಗೆ ಎತ್ತಿರಲಿಲ್ಲ, ಬಾಯಾರಿಕೆಯಿತ್ತು. ಆಚೆಗೇ ನಡೆದೆ.

ಮೋರಿಯ ಮೇಲೆ ಎದುರಿಗೆ ಬೆಲ್ಲದ ಗಾಡಿ ಹೊಡೆದುಕೊಂಡು ಬಂದವರು ಆಚೆಯ ಪಂಚಾಯಿತಿಯ ಸೆಕ್ರೆಟರಿ.

"ನಿಮಗೂ ಸಂಬಳ ಇಲ್ವಾ?"

"ಇದ್ದಿದ್ರೆ ನಿಮ್ಮೂರ್ ಹುಲ್ಲಿಗೆ ಎತ್ತು ಹೊಡ್ಕಂಡ್ ಬತ್ತಿದ್ನಾ ಸ್ವಾಮಿ?"

ನಾನು ಅಲ್ಲಿ ಕೂತು ಮೊದಲ ಸೇರು ಅಳೆಯುವಷ್ಟರಲ್ಲಿ ಆಚೆಯ ಚೇರ್ಮನ್ನರು ನನ್ನ ಕುಕ್ಕೆಯ ಮುಂದೆ ನಿಂತು ಕೈಯೆತ್ತಿ ಕೂಗಿದರು: "ನೋಡ್ರಲಾ, ಅವ್ರ್ ಸೆಕ್ರೆಟ್ರೀನೇ ನಮ್ ಸಂತೆಗೆ ಬಂದವ್ರೆ! ಗೆದ್ದೋ ಕಣ್ರಲಾ!" ಅದೇ ಹೊತ್ತಿಗೆ ಈಚೆ ನಮ್ಮ ಚೇರ್ಮನ್ನರೂ ಬೆಲ್ಲದ ಗಾಡಿಯ ಮುಂದೆ ನಿಂತು ಅದೇ ಮಾತು ಕೂಗಿದರಂತೆ. ತಮ್ಮ ಸೆಕ್ರೆಟರಿ ಎಲ್ಲಿ ಎಂದು ಇಬ್ಬರೂ ಕೇಳಲಿಲ್ಲ. ಗೆದ್ದವರಿಗೆ ಅಷ್ಟು ಪುರಸೊತ್ತಿರುವುದಿಲ್ಲ.

ಗೆದ್ದಾದ ಮೇಲೆ ಹುಲ್ಲೇಕೆ, ಮಜ್ಜಿಗೆಯೇಕೆ? ಮುಂದಿನ ಮಂಗಳವಾರ ಎರಡು ಕಡೆಯೂ ಸುಂಕ ಮತ್ತೆ ನಾಲ್ಕಾಣೆಯಾಯಿತು. ನನ್ನ ಬಳಿ ಅರ್ಧ ಕುಕ್ಕೆ ಕಡಲೆಕಾಯಿ ಉಳಿದಿತ್ತು, ಆಚೆಯ ಸೆಕ್ರೆಟರಿಯ ಬಳಿ ನಾಲ್ಕು ಅಚ್ಚು ಬೆಲ್ಲ. ಆದ್ದರಿಂದ ನಾನು ಆಚೆಯ ಪಂಚಾಯಿತಿಗೆ, ಅವರು ನಮ್ಮ ಪಂಚಾಯಿತಿಗೆ ಸುಂಕ ಕಟ್ಟಿ, ಒಬ್ಬರ ಸಂಬಳಕ್ಕೆ ಇನ್ನೊಬ್ಬರು ಬೋಣಿ ಮಾಡಿದೆವು.