ಮೆಡಾನಿಗೆ ಮುಂದಿನ ರಜೆಗೆ

ಅಪ್ಪ ತೀರಿಕೊಂಡು ನಲವತ್ತೊಂದು ದಿನವಾಗಿತ್ತು. ಸಮುದ್ರದಾಚೆ ಮೆಡಾನಿನಲ್ಲಿದ್ದ ಅವನ ಒಬ್ಬಳೇ ಅಕ್ಕನಿಗೆ ಅದಿನ್ನೂ ಗೊತ್ತಿರಲಿಲ್ಲ. ಮಗುವಿಗೆ ಗಂಜಿ ತಿನ್ನಿಸುವಾಗ, ಬಟ್ಟೆ ಒಣಹಾಕುವಾಗ, ಸೂಯಿನಳಿಗೆ ಅದೊಂದೇ ಕೊರೆತ. ದೊಡ್ಡತ್ತೆಗೆ ಹೇಗೆ ಹೇಳುವುದು? ಹೇಳಿದ ಮೇಲೆ, ರಜೆಯಲ್ಲಿ ಮೆಡಾನಿಗೇ ಯಾಕೆ ಬರಲಿಲ್ಲ ಎಂದು ಕೇಳಿದರೆ ಏನನ್ನುವುದು?

ಅಪ್ಪನ ಹೆಸರು ಓಯಿ ತೇಕ್ ಸೆಂಗ್. ಪೆನಾಂಗಿನ ಬಂದರಿನಲ್ಲಿ ಅವನನ್ನು ಎಲ್ಲರೂ ಟಿಕೆಟ್ ಸೆಂಗ್ ಎನ್ನುತ್ತಿದ್ದರು. ಮೆಡಾನಿನ ಹಡಗಿಗೆ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಹದಿನೈದು ವರ್ಷ ಕೂತಿದ್ದ. ಅಷ್ಟು ಜನರನ್ನು ಅಲ್ಲಿಗೆ ಕಳಿಸಿದವನು ತಾನು ಮಾತ್ರ ಒಮ್ಮೆಯೂ ಹೋಗಲಿಲ್ಲ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ ಸ್ವೀಚೂ. ಅವನಿಗೆ ಹನ್ನೆರಡು ತುಂಬಿದ ವರ್ಷ ಅವಳು ಮೆಡಾನಿನ ಲವಂಗದ ವ್ಯಾಪಾರಿಯ ಮನೆಗೆ ಸೊಸೆಯಾಗಿ ಹಡಗು ಹತ್ತಿದಳು.

ಹೋಗಬಾರದೆಂದೇನೂ ಇರಲಿಲ್ಲ, ಹೋಗುವ ಅಗತ್ಯ ಬೀಳಲಿಲ್ಲ, ಅಷ್ಟೆ. ಮೆಡಾನಿನವರು ನೆಗಡಿಯಾದರೂ ಪೆನಾಂಗಿನ ಆಸ್ಪತ್ರೆಗೇ ಬರುವವರು. ದೊಡ್ಡತ್ತೆಯೂ ವರ್ಷಕ್ಕೆರಡು ಸಲ ರಕ್ತ ಪರೀಕ್ಷೆಯ ನೆಪ ಮಾಡಿಕೊಂಡು, ಮಾರ್ಕಿಸಾ ಹಣ್ಣಿನ ಶರಬತ್ತಿನ ಸೀಸೆಗಳನ್ನು ಹೊತ್ತು ಬಂದಿಳಿಯುತ್ತಿದ್ದಳು. ಮನೆಗೆ ಹೋಗುವ ಮೊದಲೇ ಕಿಟಕಿಗೆ ಮುಖವಿಟ್ಟು ಗದರುವಳು.

"ಲೋ ಸೆಂಗಾ, ಊರಿಗೆಲ್ಲ ಟಿಕೆಟ್ ಹರೀತೀಯ, ನಿಂಗೊಂದು ಹರಕೊಳ್ಳೋಕೆ ಕೈ ಬರಲ್ವೇನೋ?"

"ನೀನೇ ಬರ್ತಿದೀಯಲ್ಲಕ್ಕ. ನಾನು ಅಲ್ಲಿಗೆ ಬಂದ್ರೆ ನಿನ್ನ ರಕ್ತ ಯಾರಿಗೆ ತೋರಿಸ್ತೀಯ?"

ಆಮೇಲೆ ಹಡಗು ನಿಂತಿತು, ಅಪ್ಪನ ಕಿಟಕಿ ಮುಚ್ಚಿತು, ಅತ್ತೆ ವಿಮಾನದಲ್ಲಿ ಬರತೊಡಗಿದಳು. ಕೊನೆಗೆ ಮಂಡಿ ಕೈಕೊಟ್ಟು, ಎರಡು ವರ್ಷದಿಂದ ಅವಳು ಬರುವುದೂ ನಿಂತಿತ್ತು.

ಹೀಗಿರುವಾಗ ಸೂಯಿನಳ ಗಂಡ ಬೂನ್ ಕೀಟನಿಗೆ ನಾಲ್ಕು ದಿನ ರಜೆ ಸಿಕ್ಕಿತು. ಮಗು ಹುಟ್ಟಿದ ಮೇಲೆ ಮೊದಲ ಪ್ರವಾಸ. ರೈಲಿನಲ್ಲಿ ಉತ್ತರದ ಗಡಿ ದಾಟಿದರೆ ಥಾಯ್ಲೆಂಡಿನ ಹಟ್ಯಾಯ್. ವಿಮಾನದಲ್ಲಿ ಸಮುದ್ರ ದಾಟಿದರೆ ಇಂಡೊನೇಷ್ಯಾದ ಮೆಡಾನ್.

"ಹಟ್ಯಾಯ್ ಅಂದ್ರೆ ಹುರಿದ ಕೋಳಿ, ಅದರ ಮೇಲೆ ಗರಿಗರಿ ಈರುಳ್ಳಿ," ಎಂದು ಬೂನ್ ಕೀಟ್ ಬಾಯಿ ಚಪ್ಪರಿಸಿದ.

"ನಿನ್ನ ಹೊಟ್ಟೆ ನೋಡಿದ್ರೆ ಗಡಿಯವರು ಇಬ್ಬರ ಲೆಕ್ಕಕ್ಕೆ ಸೀಲು ಹೊಡೀತಾರೆ ಕಣಯ್ಯ," ಎಂದ ಅಪ್ಪ. ತುಸು ಬಿಟ್ಟು, "ಮೆಡಾನೂ ಏನು ದೂರ ಅಲ್ಲ. ಮುಕ್ಕಾಲು ಗಂಟೆ. ಮಗು ಒಂದು ಸಲ ಆಕಳಿಸೋದ್ರೊಳಗೆ ಇಳಿದಿರ್ತೀವಿ," ಎಂದ.

"ಅಪ್ಪಾ, ಎಂಟು ತಿಂಗಳ ಮಗು! ವಿಮಾನದಲ್ಲಿ ಕಿವಿ ನೋವು ಬರುತ್ತೆ. ಮೊನ್ನೆ ತಾನೆ ನೆಗಡಿ ಬಿಟ್ಟಿದೆ. ಅಲ್ಲಿ ನೀರು ಹೇಗೋ, ಸೊಳ್ಳೆ ಎಷ್ಟೋ..."

"ಅಲ್ಲೂ ಮಕ್ಕಳು ಹುಟ್ತವೆ ಕಣೆ."

"ಅವು ಅಲ್ಲೇ ಹುಟ್ಟಿರೋವು. ಇದು ಇಲ್ಲಿ ಹುಟ್ಟಿರೋದು."

ಅಪ್ಪ ನಕ್ಕುಬಿಟ್ಟ. "ಸರಿ ತಾಯಿ, ಹಟ್ಯಾಯೇ ಆಗಲಿ. ಮೆಡಾನೇನು ಓಡಿಹೋಗುತ್ತಾ? ಮುಂದಿನ ರಜೆಗೆ ಹೋದರಾಯ್ತು." ಅಕ್ಕನಿಗೂ ಫೋನಿನಲ್ಲಿ ಹಾಗೆಯೇ ಹೇಳಿದ, ನಮ್ಮ ಹುಡುಗಿಗೆ ನಿಮ್ಮೂರಿನ ಸೊಳ್ಳೆ ಭಯ ಎಂದು ತಮಾಷೆಯನ್ನೂ ಮಾಡಿದ.

ಗಡಿಯ ಪಡಂಗ್ ಬೆಸಾರ್ ನಿಲ್ದಾಣದಲ್ಲಿ ಸಾಲು ನಿಂತಾಗ ಅಪ್ಪನ ತೋಳಿನಲ್ಲಿ ಮಗುವಿತ್ತು. ಅವನ ಪಾಸ್‌ಪೋರ್ಟನ್ನು ಸೂಯಿನ್ ಹಿಡಿದಿದ್ದಳು. ಹೊತ್ತು ಹೋಗದೆ ತೆರೆದು ನೋಡಿದಳು. ಈ ಪ್ರವಾಸಕ್ಕೆಂದು ಮಾಡಿಸಿದ್ದಲ್ಲ ಅದು. ಎರಡು ವರ್ಷದ ಹಿಂದಿನ ತಾರೀಖು, ಅತ್ತೆಯ ಮಂಡಿ ಕೈಕೊಟ್ಟ ತಿಂಗಳಿನದು. ಒಳಗಿನ ಹಾಳೆಗಳೆಲ್ಲ ಖಾಲಿ.

"ಇದನ್ಯಾವಾಗ ಮಾಡಿಸಿದೆ ಅಪ್ಪ?"

"ಇರಲಿ ಅಂತ ಮಾಡಿಸಿಟ್ಟೆ," ಎಂದ ಅಪ್ಪ, ಮಗುವಿನ ಟೋಪಿ ಸರಿಮಾಡುತ್ತ.

ಅಧಿಕಾರಿ ಕೈ ಚಾಚಿದ. ಅರವತ್ತೆಂಟರ ವಯಸ್ಸಿನಲ್ಲಿ ಅಪ್ಪನಿಗೆ ಬಿದ್ದ ಮೊದಲ ಸೀಲು ಥಾಯ್ಲೆಂಡಿನದಾಯಿತು. ಸೂಯಿನ್ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಮಗು ಅಳತೊಡಗಿತು. ಬಾಟಲಿ ಹುಡುಕುವ ಗಡಿಬಿಡಿಯಲ್ಲಿ ಆ ಮಾತು ಹಾಗೇ ಉಳಿಯಿತು.

ಹಟ್ಯಾಯಿನಲ್ಲಿ ಅಪ್ಪ ಚೆನ್ನಾಗಿಯೇ ತಿಂದ, ಚೆನ್ನಾಗಿಯೇ ನಕ್ಕ. ಹಿಂತಿರುಗಿದ ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಊಟ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಒರಗಿದವನು ಏಳಲಿಲ್ಲ.

ಅತ್ತೆಯ ಮಗ ಹೆಂದ್ರ ಅಂತ್ಯಕ್ರಿಯೆಗೆ ಒಬ್ಬನೇ ಬಂದಿದ್ದ. "ಅಮ್ಮ ಎದೆನೋವಿಂದ ಆಸ್ಪತ್ರೆ ಸೇರಿದಾಳೆ. ಈಗ ಹೇಳಿದ್ರೆ ಅವಳೂ ಹೋಗ್ತಾಳೆ. ಮಾವನಿಗೆ ಗಂಟಲು ಕಟ್ಟಿದೆ ಅಂತ ಹೇಳ್ತೀನಿ," ಎಂದು ಕೈ ಹಿಡಿದು ಬೇಡಿಕೊಂಡಿದ್ದ. ಅಂದಿನಿಂದ ಭಾನುವಾರ ಬಂದರೆ ಸಾಕು, ಅತ್ತೆಯ ಕರೆಗೆ ಅಪ್ಪನ ಫೋನು ಮೇಜಿನ ಡ್ರಾಯರಿನೊಳಗೆ ಗುಂಯ್‌ಗುಟ್ಟುತ್ತಿತ್ತು. ಅದನ್ನು ಎತ್ತುವುದಕ್ಕೂ ಆಗದೆ, ಚಾರ್ಜು ಇಲ್ಲದೆ ಸಾಯಲು ಬಿಡುವುದಕ್ಕೂ ಆಗದೆ ಸೂಯಿನ್ ಅದಕ್ಕೆ ದಿನವೂ ಚಾರ್ಜು ಹಾಕುತ್ತಿದ್ದಳು.

ನಿನ್ನೆ ಹೆಂದ್ರನೇ ಕರೆ ಮಾಡಿದ್ದ. "ಇನ್ನು ನನ್ನ ಕೈಲಿ ಆಗಲ್ಲ ಸೂಯಿನ್. ಮಗುಗೆ ಅಂತ ಸೊಳ್ಳೆಪರದೆ ಹೊಲಿಸಿ ಇಟ್ಕೊಂಡಿದಾಳೆ. ಡಾಕ್ಟ್ರೂ ಹೇಳಬಹುದು ಅಂದ್ರು. ನಲವತ್ತೊಂಬತ್ತನೇ ದಿನದ ಪೂಜೆಗಾದ್ರೂ ತಮ್ಮನಿಗೆ ಅಂತ ಅವಳೊಂದು ಊದುಬತ್ತಿ ಹಚ್ಚಬೇಕಲ್ವಾ? ಹೇಳೋಕೆ ಹೋದ್ರೆ ನಂಗೆ ಬಾಯೇ ಬರ್ತಿಲ್ಲ. ನೀನೇ ಹೇಳು."

"ನಾನು ಹೇಳ್ಲಾ?" ಎಂದು ಬೂನ್ ಕೀಟ್ ಮೆಲ್ಲಗೆ ಕೇಳಿದ.

"ಬೇಡ. ಹೋಗೋದು ಬೇಡ ಅಂದೋಳು ನಾನು. ಹೇಳೋಳೂ ನಾನೇ."

ಗೊತ್ತಿಲ್ಲದ ನಂಬರು ಬಂದರೆ ಅತ್ತೆ ಎತ್ತುವವಳಲ್ಲ. ಮಗು ಮಲಗಿದ ಮೇಲೆ ಸೂಯಿನ್ ಅಪ್ಪನ ಫೋನಿನಿಂದಲೇ ಕರೆ ಮಾಡಿದಳು. ಅರ್ಧ ರಿಂಗಿಗೆ ಆ ಕಡೆಯಿಂದ ದನಿ ಬಂತು.

"ಅಂತೂ ಬಿಡ್ತೇನೋ ಗಂಟಲು? ತಿಂಗಳುಗಟ್ಟಲೆ ಯಾವೋನಿಗಾದ್ರೂ ಗಂಟಲು ಕಟ್ಟುತ್ತೇನೋ! ಮಾತಾಡೋ ಸೆಂಗಾ."

"ದೊಡ್ಡತ್ತೆ, ನಾನು. ಸೂಯಿನ್."

"ನೀನೇನಮ್ಮಾ? ಮಗುಗೆ ಹಲ್ಲು ಬಂತಾ? ಅವನಿಗೆ ಕೊಡು ಫೋನು."

"ಹೆಂದ್ರ ಹತ್ತಿರ ಇದಾನಾ ಅತ್ತೆ?"

"ಇಲ್ಲೇ ನಿಂತಿದಾನೆ, ಕಂಬದ ಥರ. ಯಾಕೆ?"

"ಸ್ವಲ್ಪ ಕೂತ್ಕೊಳ್ಳಿ." ಕುರ್ಚಿ ಎಳೆದ ಸದ್ದು ಕೇಳಿಸಿತು. "ಅತ್ತೆ, ರಜೆಗೆ ನಿಮ್ಮಲ್ಲಿಗೇ ಬರಬೇಕು ಅಂತ ಅಪ್ಪನಿಗೆ ತುಂಬಾ ಆಸೆ ಇತ್ತು. ಬೇಡ ಅಂದಿದ್ದು ನಾನು."

"ಕೈಗೂಸು ಇರೋಳು, ಅಂದಿರ್ತೀಯ. ಅದಕ್ಯಾಕೆ ಅಳ್ತೀಯ ಹುಚ್ಚೀ? ಕೊಡು ಅವನಿಗೆ. ನಾನು ಬಯ್ಯಲ್ಲ."

"ಕೊಡೋಕಾಗಲ್ಲ ಅತ್ತೆ," ಎಂದಳು ಸೂಯಿನ್. "ಅಪ್ಪ ಇಲ್ಲ."